ವೃಶ್ಚಿಕದ 18ನೇ ಚುಕ್ಕಿ: ಸೂರ್ಯನ ಅವಳಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮಾಳಿಗೆ ಮೇಲೆ ಬೈನಾಕ್ಯುಲರ್ ಹಿಡಿದು ಕೂತರೆ ಮೊದಲು ಓಣಿಯ ಮಕ್ಕಳು ಬರುತ್ತಾರೆ, ಅವರನ್ನು ಕರೆಯಲು ಬಂದ ದೊಡ್ಡವರೂ ನಿಂತುಬಿಡುತ್ತಾರೆ. ಬಂದವರಿಗೆಲ್ಲ ನಾನು ಕಡೆಗೆ ತೋರಿಸುವುದು ವೃಶ್ಚಿಕ ರಾಶಿಯ ಒಂದು ಮಂದ ಚುಕ್ಕಿ. ನೋಡಿದರೆ ಥಳಥಳ ಏನೂ ಇಲ್ಲ. ಆದರೆ ಕತ್ತಲಿರುವ ಕಡೆ ಬರಿಗಣ್ಣಿಗೆ ಸಿಗುವ ಚುಕ್ಕಿಗಳಲ್ಲಿ ನಮ್ಮ ಸೂರ್ಯನನ್ನು ಇಷ್ಟು ಹೋಲುವುದು ಇನ್ನೊಂದಿಲ್ಲ. ಮಾಳಿಗೆ ಮೇಲೆ ಕೇಳಿದ ಪ್ರಶ್ನೆಗಳು, ಗದಗ-ಹಾವೇರಿ ಕಡೆಯಿಂದ ಬರೆದು ಕೇಳಿದ ಪ್ರಶ್ನೆಗಳು, ಎರಡನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ಪರಿಚಯ

ಇದಕ್ಕ ಹೆಸರಿಲ್ಲೇನ್ರಿ? ಬರೀ ನಂಬರ್ ಯಾಕ?

ಹೊಳೆಯುವ ಚುಕ್ಕಿಗಳಿಗೆ ಮಾತ್ರ ಹಿಂದಿನವರು ಹೆಸರಿಟ್ಟರು. ಇದು ಮಂದ, ಹಾಗಾಗಿ ನಂಬರ್ ಸಿಕ್ಕಿತು. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಫ್ಲಾಮ್‌ಸ್ಟೀಡ್ ತಯಾರಿಸಿದ ಪಟ್ಟಿಯಿಂದ ಬಂದ ನಂಬರ್ ಅದು. ವೃಶ್ಚಿಕ ರಾಶಿಯಲ್ಲಿ ಇದು 18ನೆಯದು, ಅಷ್ಟೇ. ಬೇರೆ ಪಟ್ಟಿಗಳಲ್ಲಿ ಎಚ್‌ಡಿ 146233, ಎಚ್‌ಆರ್ 6060, ಎಚ್‌ಐಪಿ 79672 ಅಂತಲೂ ಬರುತ್ತದೆ. ಮೊಬೈಲಿನ ಸ್ಟೆಲೇರಿಯಂ ಆ್ಯಪ್‌ನಲ್ಲಿ ಇವುಗಳಲ್ಲಿ ಯಾವುದನ್ನು ಹಾಕಿದರೂ ಸಿಗುತ್ತದೆ.

ಸೂರ್ಯನಂಥ ನಕ್ಷತ್ರ ಬೇಕಾದಷ್ಟು ಇವೆ ಅಂತಾರೆ. ಮತ್ತೆ ಇದರದೇನು ವಿಶೇಷ?

ಸೂರ್ಯನ ಜಾತಿಯ ನಕ್ಷತ್ರಗಳು ನೂರಕ್ಕೆ ಏಳರಷ್ಟು ಇವೆ, ನಿಜ. ಆದರೆ ಒಂದೇ ಜಾತಿ ಆದ ಮಾತ್ರಕ್ಕೆ ಒಂದೇ ಮುಖ ಅಲ್ಲ. ನಮಗೆ ಹತ್ತಿರದ ನಕ್ಷತ್ರಗಳ ಗುಂಪು ಆಲ್ಫಾ ಸೆಂಟಾರಿಯನ್ನೇ ನೋಡಿ. ಅದರ ದೊಡ್ಡ ನಕ್ಷತ್ರವೂ ಸೂರ್ಯನ ಜಾತಿಯದೇ. ಆದರೆ ಸೂರ್ಯನ ಒಂದೂವರೆ ಪಟ್ಟು ಬೆಳಕು ಕೊಡುತ್ತದೆ. ಅದು ನೆಂಟ, ಅವಳಿ ಅಲ್ಲ.

ಅವಳಿ ಅನ್ನಬೇಕಾದರೆ ಬಿಸಿ, ತೂಕ, ಗಾತ್ರ, ಒಳಗಿನ ಧಾತುಗಳು, ಎಲ್ಲವೂ ಸೂರ್ಯನದಕ್ಕೆ ತೀರಾ ಹತ್ತಿರ ಇರಬೇಕು. ಖಗೋಳ ವಿಜ್ಞಾನಿಗಳು ದಶಕಗಳ ಕಾಲ ಅಂಥದ್ದನ್ನು ಹುಡುಕಿದರು. ಒಂದು ಹೊಂದಿದರೆ ಇನ್ನೊಂದು ಹೊಂದುತ್ತಿರಲಿಲ್ಲ. 1997ರಲ್ಲಿ ಬ್ರೆಜಿಲ್‌ನ ಪೋರ್ಟೊ ಡಿ ಮೆಲ್ಲೊ ಮತ್ತು ಡ ಸಿಲ್ವಾ ಈ ಚುಕ್ಕಿಯನ್ನು ಮುಂದಿಟ್ಟರು. ಅಲ್ಲಿಂದ ಇದು ಸೂರ್ಯನ ಅವಳಿ ಅಂತಲೇ ಹೆಸರಾಯಿತು.

ನಮಗಿರೋದು ಒಬ್ಬನೇ ಸೂರ್ಯ. ಅವನು ಮಾಮೂಲಿ ನಕ್ಷತ್ರವೋ, ಏನಾದರೂ ಬೇರೆಯೋ? ಒಬ್ಬನನ್ನೇ ನೋಡುತ್ತಾ ಇದ್ದರೆ ಗೊತ್ತಾಗೋದಿಲ್ಲ. ಪಕ್ಕದಲ್ಲಿ ಇಟ್ಟು ನೋಡಲು ಇನ್ನೊಂದು ಬೇಕು. ನನಗೆ ಈ ಚುಕ್ಕಿ ಇಷ್ಟ ಆಗಲು ಕಾರಣ ಇದೇ.

ಸೂರ್ಯನಷ್ಟ ಬೆಳಕಿದ್ರ ಇಷ್ಟ್ ಮಂದ ಯಾಕ ಕಾಣ್ತೈತಿ?

ದೂರ. ಬೇರೆ ಕಾರಣವೇ ಇಲ್ಲ. ಸೂರ್ಯ ನಮ್ಮಿಂದ ಎಷ್ಟು ದೂರವೋ, ಇದು ಅದರ ಸುಮಾರು 29 ಲಕ್ಷ ಪಟ್ಟು ದೂರ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಲ್ಲಿ 29 ಲಕ್ಷವನ್ನು 29 ಲಕ್ಷದಿಂದ ಗುಣಿಸಬೇಕು. ಹಾಗಾಗಿ ನಮ್ಮ ಕಣ್ಣಿಗೆ ಇದು ಸೂರ್ಯನಿಗಿಂತ ಸುಮಾರು 8 ಲಕ್ಷ ಕೋಟಿ ಪಟ್ಟು ಮಂದ.

ಮಾಳಿಗೆಯಲ್ಲಿ ಒಬ್ಬ ಹುಡುಗಿ ಇದನ್ನು ತಿರುಗಿಸಿ ಕೇಳಿದಳು: ಅಲ್ಲಿಂದ ನೋಡಿದರೆ ನಮ್ಮ ಸೂರ್ಯ ಹೇಗೆ ಕಾಣ್ತಾನೆ? ಹೀಗೇ, ಇಷ್ಟೇ ಮಂದವಾಗಿ. ನಮ್ಮ ವೃಷಭ ರಾಶಿಯ ದಿಕ್ಕಿನಲ್ಲಿ ಒಂದು ಸಣ್ಣ ಚುಕ್ಕಿ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೈನಾಕ್ಯುಲರ್ ಮತ್ತೆ ಕೇಳಿ ಇಸಿದುಕೊಂಡಳು.

ಸೂರ್ಯನ ಅವಳಿ ಅಂದ್ಮೇಲೆ ಹಳದಿ ಕಾಣಬೇಕಲ್ವಾ?

ಸೂರ್ಯನೇ ಹಳದಿ ಅಲ್ಲ. ಅವನ ಬೆಳಕು ಬಿಳಿ. ಹುಟ್ಟುವಾಗ, ಮುಳುಗುವಾಗ ಗಾಳಿಯ ದಪ್ಪ ಪದರ ದಾಟಿ ಬರುವುದರಿಂದ ಹಳದಿ, ಕೆಂಪು ಕಾಣುತ್ತಾನೆ. ಅಲ್ಲದೆ ಇಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದೇ ಇಲ್ಲ. ಬೂದು ಬಿಳಿ ಚುಕ್ಕಿ ಕಂಡರೆ ಸರಿಯಾದದ್ದನ್ನೇ ನೋಡುತ್ತಿದ್ದೀರಿ.

## ಹುಡುಕುವುದು

ಹುಬ್ಬಳ್ಯಾಗ ಕಾಣ್ತೈತೇನ್ರಿ? ದೊಡ್ಡ ದುರ್ಬೀನು ಬೇಕೇನು?

ಊರೊಳಗೆ ಬರಿಗಣ್ಣಿಗೆ ಕಾಣೋದಿಲ್ಲ. ಇದರ ಕಾಂತಿಮಾನ 5.5. ಈ ಲೆಕ್ಕದಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಚುಕ್ಕಿ ಮಂದ. ಒಳ್ಳೆ ಕತ್ತಲಲ್ಲಿ ಕಣ್ಣಿನ ಮಿತಿ 6ರ ಆಸುಪಾಸು. ಅಂದರೆ ಇದು ಅಂಚಿನಲ್ಲಿದೆ. ಹುಬ್ಬಳ್ಳಿ-ಧಾರವಾಡದ ಬೀದಿದೀಪಗಳ ಬೆಳಕಿಗೆ ಇದು ಮುಚ್ಚಿಹೋಗುತ್ತದೆ. ಆದರೆ ಒಂದು ಸಾದಾ 7×50 ಅಥವಾ 10×50 ಬೈನಾಕ್ಯುಲರ್ ಇದ್ದರೆ ಮಾಳಿಗೆ ಮೇಲಿಂದಲೇ ಸಿಗುತ್ತದೆ. ದೊಡ್ಡ ಟೆಲಿಸ್ಕೋಪ್ ಖಂಡಿತ ಬೇಡ. ಅದರಲ್ಲೂ ಚುಕ್ಕಿಯಾಗಿಯೇ ಕಾಣುತ್ತದೆ.

ಬರಿಗಣ್ಣಿಂದ ನೋಡಬೇಕೆಂದರೆ ಊರಾಚೆ ಹೋಗಬೇಕು. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳು, ನವಲಗುಂದದ ಎರೆ ಹೊಲಗಳು, ಹಾವೇರಿ ಜಿಲ್ಲೆಯ ಒಳಗಿನ ಊರುಗಳು. ನೆಂಟರ ಹೊಲ, ಕಣ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ಅಲ್ಲಿ ಹೋಗಿ 20–30 ನಿಮಿಷ ಕತ್ತಲಲ್ಲಿ ಸುಮ್ನೆ ಕೂರಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೂ ಮತ್ತೆ ಮೊದಲಿಂದ ಕಾಯಬೇಕು.

ನಾನು ಇದನ್ನು ಬರಿಗಣ್ಣಿಂದ ಮೊದಲು ನೋಡಿದ್ದು ಅಣ್ಣಿಗೇರಿ ಹತ್ತಿರದ ಒಂದು ಜೋಳದ ಹೊಲದಲ್ಲಿ. ಫೆಬ್ರವರಿ, ನಸುಕು. ತೆನೆ ಕಾಯಲು ಮಲಗಿದ್ದ ಅಜ್ಜ ಎದ್ದು ಬಂದು ಪಕ್ಕ ನಿಂತರು. ಜಾಗ ತೋರಿಸಿದೆ. ನನಗೆ ಇನ್ನೂ ಸಿಕ್ಕಿರಲಿಲ್ಲ, ಅವರಿಗೆ ಸಿಕ್ಕಿತು. "ನೆಟ್ಟಗ ನೋಡಿದ್ರ ಹೋಗ್ತೈತಿ ತಮ್ಮಾ, ಓರೆ ನೋಡು, ಬರ್ತೈತಿ" ಅಂದರು. ಹಾಗೇ ಮಾಡಿದೆ, ಬಂತು. ಕಣ್ಣಿನ ನಟ್ಟನಡುವಿಗಿಂತ ಅಂಚಿನ ಭಾಗ ಮಂದ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ. ಆ ಹೊತ್ತಿಗೆ ಅದನ್ನು ನೆನಪಿಸಿದ್ದು ಅವರು.

ಯಾವ ತಿಂಗಳಲ್ಲಿ ನೋಡಬಹುದು?

ಫೆಬ್ರವರಿ, ಮಾರ್ಚ್‌ನಲ್ಲಿ ನಸುಕಿಗೆ. ಏಪ್ರಿಲ್, ಮೇನಲ್ಲಿ ರಾತ್ರಿ 11 ಆದ ಮೇಲೆ. ನನ್ನ ಮಾತು ಕೇಳುವುದಾದರೆ ಮಾರ್ಚ್ ಮಧ್ಯದಲ್ಲಿ ನೋಡಿ. ಬೆಳಿಗ್ಗೆ 5ಕ್ಕೆ ನೇರ ದಕ್ಷಿಣದಲ್ಲಿ ಇರುತ್ತದೆ. ನಮ್ಮ ಭಾಗದಿಂದ ಸುಮಾರು 66 ಡಿಗ್ರಿ ಎತ್ತರ. ಮೋಡದ ಕಾಟವೂ ಕಡಿಮೆ. ಮೇನಲ್ಲಿ ಸಂಜೆ ಅಡ್ಡಮಳೆ ಬಂದು ನಿಂತರೆ ಗಾಳಿಯ ಧೂಳು ತೊಳೆದುಹೋಗಿ ಆಕಾಶ ಚೊಕ್ಕಟ ಆಗುತ್ತದೆ. ಅಂಥ ರಾತ್ರಿ ಬಿಡಬೇಡಿ. ಜೂನ್ ಬಂತೆಂದರೆ ಮಳೆಗಾಲ.

ನವೆಂಬರ್ ಕೊನೆಗೆ ಕಾಣುವುದೇ ಇಲ್ಲ. ರೈತರಿಗೆ ಕಾರಣ ಹೇಳುವುದು ಸುಲಭ: ಅದು ಅನುರಾಧಾ ಮಳೆಯ ಹೊತ್ತು. ಅನುರಾಧಾ ಮಳೆ ಅಂದರೆ ಸೂರ್ಯ ಅನುರಾಧಾ ನಕ್ಷತ್ರದಲ್ಲಿ ಇದ್ದಾನೆ ಅಂತ. ನಮ್ಮ ಚುಕ್ಕಿ ಇರುವುದೂ ಆ ನೆರೆಯಲ್ಲೇ. ಆಗ ಅದು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ.

ಆಕಾಶದಾಗ ಎಲ್ಲಂತ ಹುಡುಕೋದ್ರಿ? ಗುರುತು ಹೇಳ್ರಿ.

ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಕೆಂಪಗೆ ಹೊಳೆಯುವ ಜ್ಯೇಷ್ಠಾ ಮೊದಲು ಸಿಗುತ್ತದೆ. ಅದರ ಬಲಕ್ಕೆ ಸ್ವಲ್ಪ ಮೇಲೆ, ಮೇಲಿಂದ ಕೆಳಕ್ಕೆ ಸಾಲಾಗಿ ಮೂರು ಚುಕ್ಕಿ. ಅದೇ ಅನುರಾಧಾ. ಆ ಸಾಲಿನ ಮೇಲಿನ ತುದಿಯ ಚುಕ್ಕಿಯಿಂದ ನೇರ ಮೇಲಕ್ಕೆ ಹೋಗಿ. ಒಂದೂವರೆ ಮುಷ್ಟಿಯಷ್ಟು ಮೇಲೆ ಅಕ್ಕಪಕ್ಕ ಎರಡು ಚುಕ್ಕಿ ಕಾಣುತ್ತವೆ. ಒಂದು ನಸುಗೆಂಪು, ಇನ್ನೊಂದು ನಸುಹಳದಿ. ಉರಗಧರ ಅನ್ನುವ ನಕ್ಷತ್ರಪುಂಜದ ಕೈ ಅದು.

ಈಗ ಆ ಜೋಡಿಯಿಂದ ಕೆಳಕ್ಕೆ ಬನ್ನಿ. ಕೈ ಪೂರ್ತಿ ಚಾಚಿ ನಡುವಿನ ಮೂರು ಬೆರಳು ಜೋಡಿಸಿದರೆ ಎಷ್ಟು ಅಗಲವೋ, ಹೆಚ್ಚುಕಡಿಮೆ ಅಷ್ಟೇ ಕೆಳಗೆ ನಮ್ಮ ಚುಕ್ಕಿ. ಬೈನಾಕ್ಯುಲರ್‌ನಲ್ಲಿ ಜೋಡಿಯನ್ನು ಮೇಲಿನ ಅಂಚಿಗೆ ತಂದರೆ ಇದು ಕೆಳಗಿನ ಭಾಗಕ್ಕೆ ಬರುತ್ತದೆ. ಹತ್ತಿರದಲ್ಲಿ ಇಂಥವೇ ಮಂದ ಚುಕ್ಕಿಗಳು ಇನ್ನೂ ಇವೆ. ಮೊದಲ ಸಲ ಆ್ಯಪ್‌ನ ನಕ್ಷೆ ಜೊತೆ ಹೋಲಿಸಿ ನೋಡಿ. ಪರದೆಗೆ ಕೆಂಪು ಕಾಗದ ಅಂಟಿಸಿಕೊಂಡರೆ ಕಣ್ಣು ಕೆಡುವುದಿಲ್ಲ.

ನನ್ನ ಜನ್ಮನಕ್ಷತ್ರ ಅನುರಾಧಾ. ಹಾಗಾದರೆ ಇದು ನನ್ನ ನಕ್ಷತ್ರವಾ?

ಪಂಚಾಂಗದ ನಕ್ಷತ್ರ ಅಂದರೆ ಒಂದು ಚುಕ್ಕಿ ಅಲ್ಲ. ಚಂದ್ರನ ದಾರಿಯನ್ನು 27 ಪಾಲು ಮಾಡಿದ್ದಾರೆ. ಒಂದೊಂದು ಪಾಲು 13 ಡಿಗ್ರಿ 20 ಕಲೆ (60 ಕಲೆ ಸೇರಿದರೆ ಒಂದು ಡಿಗ್ರಿ). ಹದಿನೇಳನೇ ಪಾಲು ಅನುರಾಧಾ. ಈ ಚುಕ್ಕಿ ದಾರಿಗಿಂತ ಸುಮಾರು 13 ಡಿಗ್ರಿ ಉತ್ತರಕ್ಕಿದ್ದರೂ ಉದ್ದದ ಲೆಕ್ಕದಲ್ಲಿ ಆ ಪಾಲಿನೊಳಗೇ ಬೀಳುತ್ತದೆ. ಅಷ್ಟರಮಟ್ಟಿಗೆ ನಿಮ್ಮದು ಅನ್ನಬಹುದು. ಒಬ್ಬರ ಬಾಳಿನ ಮೇಲೆ ಇದು ಪರಿಣಾಮ ಬೀರುತ್ತದೆ ಅನ್ನಲು ಯಾವ ಆಧಾರವೂ ಇಲ್ಲ.

## ಅಳತೆಗಳು

46 ಜ್ಯೋತಿರ್ವರ್ಷ ದೂರ ಅಂತೀರಿ. ಟೇಪ್ ಹಿಡಿದು ಅಳೆದವರು ಯಾರು?

ಒಳ್ಳೆ ಪ್ರಶ್ನೆ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿಯುತ್ತದೆ. ಬೆರಳು ದೂರ ಹೋದಷ್ಟೂ ಸರಿಯುವುದು ಕಡಿಮೆ. ಭೂಮಿ ಆರು ತಿಂಗಳಲ್ಲಿ ಸೂರ್ಯನ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಅದೇ ನಮ್ಮ ಎರಡು ಕಣ್ಣು. ಹತ್ತಿರದ ಚುಕ್ಕಿ ದೂರದ ಚುಕ್ಕಿಗಳ ಎದುರು ಸ್ವಲ್ಪ ಸರಿದಂತೆ ಕಾಣುತ್ತದೆ.

ಎಷ್ಟು ಸ್ವಲ್ಪ? ಈ ಚುಕ್ಕಿಯ ಲೆಕ್ಕದಲ್ಲಿ ಆ ಕೋನ ಒಂದು ಆರ್ಕ್ ಸೆಕೆಂಡಿನ (ಡಿಗ್ರಿಯ 3,600ನೇ ಒಂದು ಭಾಗದ) ನೂರರಲ್ಲಿ 7 ಭಾಗ. 10 ರೂಪಾಯಿ ನಾಣ್ಯವನ್ನು 79 ಕಿಲೋಮೀಟರ್ ದೂರದಿಂದ ನೋಡಿದ ಹಾಗೆ. ಹುಬ್ಬಳ್ಳಿಯಲ್ಲಿ ನಿಂತರೆ ನಾಣ್ಯ ಹಾವೇರಿಯನ್ನೂ ದಾಟಿ ಇರಬೇಕು. ಯುರೋಪಿನ ಹಿಪ್ಪಾರ್ಕಸ್ ಉಪಗ್ರಹ 1989ರಿಂದ 1993ರವರೆಗೆ ಇದನ್ನು ಅಳೆಯಿತು. 2013ರಲ್ಲಿ ಹಾರಿದ ಗಾಯಾ ಉಪಗ್ರಹ ಇನ್ನೂ ನಿಖರವಾಗಿ ಅಳೆಯಿತು. ಸೂರ್ಯನ ಬೆಳಕು ನಮ್ಮ ಅಂಗಳಕ್ಕೆ ಬರಲು 8 ನಿಮಿಷ ಚಿಲ್ಲರೆ ಸಾಕು. ಇದರ ಬೆಳಕಿಗೆ 46 ವರ್ಷ ಬೇಕು. ವಾಯೇಜರ್ 1 ಬಾಹ್ಯಾಕಾಶ ನೌಕೆಯ ವೇಗದಲ್ಲಿ ಹೊರಟರೆ 8 ಲಕ್ಷ ವರ್ಷ.

ಚುಕ್ಕಿಯಾಗೇ ಕಾಣೋದಾದ್ರೆ ಅದರ ಗಾತ್ರ ಹೇಗೆ ಗೊತ್ತಾಯ್ತು?

ಒಂದು ಟೆಲಿಸ್ಕೋಪಿನಿಂದ ಆಗದ ಕೆಲಸ ಇದು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಚಾರಾ ಅನ್ನುವ ಸೌಲಭ್ಯ ಇದೆ. ಒಂದೊಂದು ಮೀಟರ್ ಅಗಲದ ಆರು ಟೆಲಿಸ್ಕೋಪು. ದೂರದೂರ ಇಟ್ಟು ಬೆಳಕನ್ನು ಒಂದೆಡೆ ಕೂಡಿಸುತ್ತಾರೆ. ಹಾಗೆ ಕೂಡಿಸಿದಾಗ, ಗಾತ್ರ ಅಳೆಯುವ ಮಟ್ಟಿಗೆ ಅದು 331 ಮೀಟರ್ ಅಗಲದ ಒಂದೇ ಟೆಲಿಸ್ಕೋಪಿನಷ್ಟು ಸೂಕ್ಷ್ಮ ಆಗುತ್ತದೆ.

2011ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಇದರ ಅಗಲ ಸೂರ್ಯನ 1.01 ಪಟ್ಟು. ತಪ್ಪಿದರೆ ನೂರಕ್ಕೆ ಒಂದರಷ್ಟು ಅತ್ತಿತ್ತ. ನಮಗೆ ಕಾಣುವ ಕೋನ ಎಷ್ಟು ಸಣ್ಣದೆಂದರೆ, ಅದೇ 10 ರೂಪಾಯಿ ನಾಣ್ಯವನ್ನು 8,200 ಕಿಲೋಮೀಟರ್ ಆಚೆ ಇಡಬೇಕು. ಹುಬ್ಬಳ್ಳಿಯಿಂದ ಲಂಡನ್ ಇನ್ನೂ ಹತ್ತಿರ. ಈ ಲೆಕ್ಕ ಮಾಡಿದ ದಿನ ನಾನು ಜೇಬಿನ ನಾಣ್ಯವನ್ನು ತೆಗೆದು ಬಹಳ ಹೊತ್ತು ನೋಡಿದೆ.

ತಕ್ಕಡಿ ಇಲ್ಲದೆ ತೂಕ ಹೇಗೆ?

ಧಾರವಾಡದವರಿಗೆ ಇದನ್ನು ತಬಲಾ ಇಟ್ಟೇ ಹೇಳಬಹುದು. ಬಾಯಾ ದೊಡ್ಡದು, ಅದರ ನಾದ ತಗ್ಗು. ದಾಯಾ ಸಣ್ಣದು, ನಾದ ಏರು. ಕಣ್ಣು ಮುಚ್ಚಿಕೊಂಡು ಕೇಳಿದರೂ ಯಾವುದು ಯಾವುದೆಂದು ಹೇಳುತ್ತೀರಿ. ನಕ್ಷತ್ರದ ಒಳಗೂ ಅಲೆಗಳು ಓಡಾಡುತ್ತವೆ. ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ಸೂರ್ಯನಲ್ಲೂ ಹೀಗೇ. ಆ ಶ್ರುತಿಗಳ ನಡುವಿನ ಅಂತರ ನಕ್ಷತ್ರದ ಸಾಂದ್ರತೆಯನ್ನು ಹೇಳುತ್ತದೆ.

ಚಿಲಿಯ ಲಾ ಸಿಲ್ಲಾದಲ್ಲಿರುವ ಹಾರ್ಪ್ಸ್ ಉಪಕರಣ ಈ ಏರಿಳಿತವನ್ನು ಹಿಡಿಯಿತು. ಅಂತರ ಸುಮಾರು 134 ಮೈಕ್ರೋಹರ್ಟ್ಸ್ (ಶ್ರುತಿ ಅಳೆಯುವ ಮಾಪ). ಸೂರ್ಯನದು 135. ಎರಡೂ ಹೆಚ್ಚುಕಡಿಮೆ ಒಂದೇ ಶ್ರುತಿ! ಸಾಂದ್ರತೆ ಸಿಕ್ಕಿತು, ಗಾತ್ರ ಮೊದಲೇ ಸಿಕ್ಕಿತ್ತು. ಎರಡನ್ನೂ ಸೇರಿಸಿದರೆ ತೂಕ: ಸೂರ್ಯನ 1.02 ಪಟ್ಟು. ಬೇರೆ ದಾರಿಯಿಂದ ಲೆಕ್ಕ ಹಾಕಿದವರಿಗೆ 1.04 ಬಂದಿದೆ.

ಬಿಸಿ ಎಷ್ಟೈತಿ ಅಂತ ಇಲ್ಲೇ ಕುಂತು ಹೆಂಗ ಹೇಳ್ತಾರ?

ಬೆಳಕನ್ನು ಬಿಡಿಸಿ. ಖಾಲಿ ರಟ್ಟಿನ ಡಬ್ಬಿಗೆ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಒಳಗೆ ಹಳೆ ಸಿಡಿ ತುಂಡು ಓರೆಯಾಗಿ ಇಡಿ. ಸೀಳನ್ನು ಬಿಳಿ ಮೋಡದ ಕಡೆ ಹಿಡಿದು ನೋಡಿ. ಸೂರ್ಯನ ಕಡೆ ಮಾತ್ರ ಬೇಡವೇ ಬೇಡ, ಕಣ್ಣು ಹೋಗುತ್ತದೆ. ಬಣ್ಣದ ಪಟ್ಟಿ ಕಾಣುತ್ತದೆ. ಸೀಳು ಸಾಕಷ್ಟು ಸಣ್ಣದಾಗಿದ್ದರೆ ನಡುವೆ ಕೂದಲೆಳೆಯಂಥ ಕಪ್ಪು ಗೆರೆಗಳೂ ಕಾಣುತ್ತವೆ. ಒಂದೊಂದು ಧಾತು ನುಂಗಿದ ಬೆಳಕು ಅದು. ಯಾವ ಗೆರೆ ದಪ್ಪ, ಯಾವುದು ತೆಳು ಅನ್ನುವುದು ಬಿಸಿಯ ಮೇಲೆ ನಿಂತಿದೆ. ಇದರ ಲೆಕ್ಕವನ್ನು 1920ರಲ್ಲಿ ಬಿಡಿಸಿಕೊಟ್ಟವರು ನಮ್ಮ ಮೇಘನಾದ ಸಹಾ.

ಈ ಚುಕ್ಕಿಯ ಗೆರೆಗಳನ್ನು ಸೂರ್ಯನ ಗೆರೆಗಳ ಪಕ್ಕ ಒಂದೊಂದಾಗಿ ಇಟ್ಟು ನೋಡಿದ್ದಾರೆ. ಇಲ್ಲೊಂದು ತೊಡಕಿತ್ತು. ಅದೇ ಉಪಕರಣದಲ್ಲಿ ಸೂರ್ಯನನ್ನೂ ನೋಡಬೇಕು, ಆದರೆ ಸೂರ್ಯ ವಿಪರೀತ ಪ್ರಖರ. ಹಾಗಾಗಿ ಕ್ಷುದ್ರಗ್ರಹದ ಮೇಲೆ ಬಿದ್ದು ಮರಳಿ ಬರುವ ಸೂರ್ಯನ ಬೆಳಕನ್ನು ಬಳಸಿದರು. ಬಂದ ಉತ್ತರ: ಸುಮಾರು 5,820 ಕೆಲ್ವಿನ್, ಅಂದರೆ ಸುಮಾರು 5,550 ಡಿಗ್ರಿ ಸೆಲ್ಸಿಯಸ್. ಸೂರ್ಯನಿಗಿಂತ 45 ಡಿಗ್ರಿಯಷ್ಟು ಜಾಸ್ತಿ. ಕಬ್ಬಿಣದ ಅಂಶವೂ ನೂರಕ್ಕೆ 13ರಷ್ಟು ಹೆಚ್ಚು.

## ಇನ್ನಷ್ಟು ಆಳಕ್ಕೆ

ಇದರ ವಯಸ್ಸು ಒಂದು ಕಡೆ 290 ಕೋಟಿ ವರ್ಷ ಅಂತಿದೆ, ಇನ್ನೊಂದು ಕಡೆ 366 ಕೋಟಿ. ಯಾವುದನ್ನು ನಂಬಲಿ?

ಎರಡನ್ನೂ, ಅವುಗಳ ಅಂಚಿನ ಸಮೇತ. 290 ಕೋಟಿ ಅಂದವರು ನೂರು ಕೋಟಿ ಅತ್ತಿತ್ತ ಆಗಬಹುದು ಅಂದಿದ್ದಾರೆ. ಆಗ 366 ಅದರೊಳಗೇ ಬಂತು, ಅಲ್ವಾ? ನಕ್ಷತ್ರದ ವಯಸ್ಸನ್ನು ನೇರವಾಗಿ ಅಳೆಯಲು ಆಗುವುದಿಲ್ಲ. ನಡುವಯಸ್ಸಿನಲ್ಲಿ ಅದು ಬಹಳ ನಿಧಾನ ಬದಲಾಗುತ್ತದೆ. ಬಿಸಿ, ಕಾಂತಿ, ಧಾತುಗಳಲ್ಲಿ ಸಣ್ಣ ತಪ್ಪಾದರೂ ವಯಸ್ಸಿನಲ್ಲಿ ಕೋಟಿಗಟ್ಟಲೆ ವರ್ಷ ವ್ಯತ್ಯಾಸ ಬರುತ್ತದೆ. ಸೂರ್ಯನ ವಯಸ್ಸು ಮಾತ್ರ ಗಟ್ಟಿ: 457 ಕೋಟಿ. ಅದು ಉಲ್ಕೆಯ ಕಲ್ಲುಗಳಿಂದ ಗೊತ್ತಾಗಿದ್ದು. ಆ ಚುಕ್ಕಿಯ ಕಲ್ಲು ನಮ್ಮ ಕೈಯಲ್ಲಿಲ್ಲ. ನನ್ನ ಅಂದಾಜಿಗೆ ಇದನ್ನು ಸೂರ್ಯನ ತಮ್ಮ ಅನ್ನುವುದೇ ಸರಿ.

ಲಿಥಿಯಂ ವಿಷಯದಲ್ಲಿ ಇದು ಅವಳಿ ಅಲ್ಲ ಅಂತ ಓದಿದೆ. ನಿಜವಾ?

ನಿಜ. ಇದರಲ್ಲಿ ಸೂರ್ಯನ ಮೂರು-ನಾಲ್ಕು ಪಟ್ಟು ಲಿಥಿಯಂ ಇದೆ. ಲಿಥಿಯಂ ಸುಮಾರು 25 ಲಕ್ಷ ಡಿಗ್ರಿ ಬಿಸಿಗೇ ನಾಶವಾಗುತ್ತದೆ. ಮೇಲಿನ ಅನಿಲ ಆಳಕ್ಕೆ ಇಳಿದು ಮತ್ತೆ ಮೇಲೆ ಬರುತ್ತಾ ಇದ್ದರೆ ಪ್ರತಿ ಸಲ ಸ್ವಲ್ಪ ಲಿಥಿಯಂ ಸುಟ್ಟುಹೋಗುತ್ತದೆ. ಉಲ್ಕೆಯ ಕಲ್ಲಿಗೆ ಹೋಲಿಸಿದರೆ ಸೂರ್ಯನಲ್ಲಿ ಈಗ ಉಳಿದಿರುವುದು ಮೊದಲಿದ್ದ ಲಿಥಿಯಂನ ಸುಮಾರು 150ನೇ ಒಂದು ಭಾಗ ಅಷ್ಟೇ. ಈ ಚುಕ್ಕಿ ಅಷ್ಟು ಕಳೆದುಕೊಂಡಿಲ್ಲ. ವಯಸ್ಸು ಕಡಿಮೆ ಅನ್ನುವುದಕ್ಕೆ ಇದೂ ಹೊಂದುತ್ತದೆ.

ಲಿಥಿಯಂ ಕೂಡ ಹೊಂದುವ ಅವಳಿ 2007ರಲ್ಲಿ ಸಿಕ್ಕಿತು, ಎಚ್‌ಐಪಿ 56948. ಆದರೆ ಅದು 200 ಜ್ಯೋತಿರ್ವರ್ಷ ದೂರ, ಬರಿಗಣ್ಣಿಗೆ ಕಾಣೋದಿಲ್ಲ. ಹಾಗಾಗಿ ಮಾಳಿಗೆ ಮೇಲೆ ನಾನು ಇದನ್ನೇ ತೋರಿಸುತ್ತೇನೆ.

ಸೂರ್ಯನ ಹಾಗೆ ಇದರಲ್ಲೂ ಕಲೆಗಳು ಬಂದು ಹೋಗ್ತವಾ?

ಕಲೆಗಳನ್ನು ನೇರ ನೋಡಲು ಆಗುವುದಿಲ್ಲ, ಆದರೆ ಅವುಗಳ ಗುರುತು ಸಿಗುತ್ತದೆ. ಕಾಂತೀಯ ಚಟುವಟಿಕೆ ಹೆಚ್ಚಾದಾಗ ಕ್ಯಾಲ್ಸಿಯಂನ ಎರಡು ಕಪ್ಪು ಗೆರೆಗಳಲ್ಲಿ ಒಂದೊಂದರ ನಟ್ಟನಡುವಿನಲ್ಲೂ ಬೆಳಕು ಏರುತ್ತದೆ. ತಮಿಳುನಾಡಿನ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಸೂರ್ಯನನ್ನು ಈ ಕ್ಯಾಲ್ಸಿಯಂ ಬೆಳಕಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಚಿತ್ರ ತೆಗೆಯಲು ಶುರು ಮಾಡಿದ್ದರು. ಈ ಚುಕ್ಕಿಯನ್ನು ಅಮೆರಿಕದ ಲೋವೆಲ್ ವೀಕ್ಷಣಾಲಯದವರು ವರ್ಷಗಟ್ಟಲೆ ಗಮನಿಸಿದರು. 2007ರಲ್ಲಿ ಹೇಳಿದ್ದು: ಚಟುವಟಿಕೆ ಏರಿ ಇಳಿಯುವ ಇದರ ಚಕ್ರ ಸುಮಾರು 7 ವರ್ಷ. ಸೂರ್ಯನದು 11. ಚಕ್ರದಲ್ಲಿ ಬೆಳಕು ಏರಿಳಿಯುವುದು ಎರಡರಲ್ಲೂ ಸಾವಿರಕ್ಕೆ ಒಂದರಷ್ಟೇ. ತನ್ನ ಸುತ್ತ ತಾನು ತಿರುಗಲು ಇದಕ್ಕೆ 22.7 ದಿನ ಬೇಕು. ಸೂರ್ಯನಿಗೆ, ನಡುಭಾಗದಲ್ಲಿ, 25 ದಿನ. ಇದು ಸ್ವಲ್ಪ ಚುರುಕು.

ಅಲ್ಲಿ ನಮ್ಮ ಭೂಮಿಯಂಥಾದ್ದು ಐತೇನ್ರಿ?

ಎಲ್ಲರೂ ಕಡೆಗೆ ಕೇಳುವುದು ಇದನ್ನೇ. 2003ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಟರ್ನ್‌ಬುಲ್ ಜೀವ ಹುಡುಕಲು ಯೋಗ್ಯವಾದ ಹತ್ತಿರದ ನಕ್ಷತ್ರಗಳಲ್ಲಿ ಇದನ್ನೂ ಎತ್ತಿ ಹೇಳಿದ್ದರು. ಗ್ರಹ ಇದ್ದರೆ ಅದು ನಕ್ಷತ್ರವನ್ನು ಸ್ವಲ್ಪ ಎಳೆದಾಡುತ್ತದೆ. ಗುರು ಗ್ರಹ ನಮ್ಮ ಸೂರ್ಯನನ್ನು ಸೆಕೆಂಡಿಗೆ 12 ಮೀಟರ್ ಚಿಲ್ಲರೆ ವೇಗದಲ್ಲಿ ಅಲ್ಲಾಡಿಸುತ್ತದೆ, ಊರೊಳಗೆ ಓಡುವ ಸಿಟಿ ಬಸ್ಸಿನ ವೇಗ. ಭೂಮಿ ಅಲ್ಲಾಡಿಸುವುದು ಸೆಕೆಂಡಿಗೆ 9 ಸೆಂಟಿಮೀಟರ್. ಕೂಸು ಅಂಬೆಗಾಲಿಡುವುದು ಇದಕ್ಕಿಂತ ಜೋರು. ನಕ್ಷತ್ರದ ಮೈಯೇ ಕುದಿಯುತ್ತಾ ಇದಕ್ಕಿಂತ ಜಾಸ್ತಿ ಏರಿಳಿಯುತ್ತದೆ. ಆ ಗದ್ದಲದಲ್ಲಿ 9 ಸೆಂಟಿಮೀಟರ್ ಹುಡುಕಬೇಕು.

ಸುಮಾರು 20 ದಿನಕ್ಕೊಮ್ಮೆ ಮರುಕಳಿಸುವ ಒಂದು ಸಂಕೇತ 2023ರ ಅಧ್ಯಯನದಲ್ಲಿ ಬಂದಿದೆ. ಗ್ರಹವೇ ಆಗಿದ್ದರೆ ಭೂಮಿಯ ಕನಿಷ್ಠ ಏಳರಷ್ಟು ತೂಕ, ಮತ್ತು ನಕ್ಷತ್ರಕ್ಕೆ ಬಹಳ ಹತ್ತಿರ. ಅಲ್ಲಿ ನೀರು ನಿಲ್ಲೋದಿಲ್ಲ. ಆದರೆ 20 ದಿನ ಅನ್ನುವುದು ನಕ್ಷತ್ರ ತಿರುಗುವ 22.7 ದಿನಕ್ಕೆ ತೀರಾ ಹತ್ತಿರ. ಮೈಮೇಲಿನ ಕಲೆಗಳೂ ಇಂಥ ಸಂಕೇತ ಕೊಡಬಲ್ಲವು. ಹಾಗಾಗಿ ಇದನ್ನು ಗ್ರಹ ಅಂತ ನಾನು ಇನ್ನೂ ಮಕ್ಕಳಿಗೆ ಹೇಳುತ್ತಿಲ್ಲ. ಕಲೆ ಆಗಿದ್ದರೆ ವರ್ಷ ಕಳೆದಂತೆ ಸಂಕೇತ ಅತ್ತಿತ್ತ ಆಗುತ್ತದೆ. ಗ್ರಹ ಆಗಿದ್ದರೆ ಗಡಿಯಾರದ ಹಾಗೆ ಅದೇ ಹೊತ್ತಿಗೆ ಮರಳಿ ಬರುತ್ತದೆ. ಅದಕ್ಕಾಗಿ ಇನ್ನಷ್ಟು ವರ್ಷ ಅಳೆಯಬೇಕು.